ಅರ್ಜಿ ಕೊಟ್ಟ ದಿನ ಅವಳು ಹೆಂಡತಿ

ನನ್ನ ತಮ್ಮ ಹೆಣ್ಣು ನೋಡಿಕೊಂಡದ್ದು ಮಸ್ಕತ್ತಿನಲ್ಲಿ. ಐಟಿಐ ಮುಗಿಸಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಎ.ಸಿ. ರಿಪೇರಿ ಕೆಲಸಕ್ಕೆ ಸೇರಿದ್ದ. ಅದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಲಂಕೆಯ ಹುಡುಗಿಯೊಬ್ಬಳು ಕೆಲಸಕ್ಕಿದ್ದಳು. ಅವಳನ್ನು ಮದುವೆಯಾಗುತ್ತೇನೆ ಅಂತ ಅವನು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು.

"ಅವರ ಮನೇಲಿ ಯಾವ ದ್ಯಾವ್ರು ಕಣ್ಲಾ?"

"ಬುದ್ಧ ಕಣವ್ವ."

"ಕರ್ಕಂಡ್ ಬಾ, ನೋಡವ" ಅಂದಳು ಅಮ್ಮ.

ನಮ್ಮೂರು ಮದ್ದೂರಿನಿಂದ ಕೊಪ್ಪಕ್ಕೆ ಹೋಗುವ ಕಡೆಯ ಒಂದು ಹಳ್ಳಿ. ನಮ್ಮ ಕೇರಿಯಲ್ಲಿ ಮೊದಲು ಬೌದ್ಧ ದೀಕ್ಷೆ ತೆಗೆದುಕೊಂಡವರು ನಮ್ಮಪ್ಪ. ಅಮ್ಮನಿಗೆ ಓದು ಬರುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಬುದ್ಧನ ಫೋಟೊಗೆ ಹೂವಿಟ್ಟು, ಅಪ್ಪ ಬದುಕಿದ್ದಾಗ ಬಾಯಿಪಾಠ ಮಾಡಿಸಿದ್ದ ಪಾಲಿ ಪ್ರಾರ್ಥನೆಯ ಸಾಲುಗಳನ್ನು ತನ್ನದೇ ರಾಗದಲ್ಲಿ ಹೇಳಿಕೊಳ್ಳುತ್ತಾಳೆ. ಆ ಹುಡುಗಿ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅಮ್ಮ ಕೈಮುಗಿದು ನಿಂತು ಹೇಳತೊಡಗಿದಾಗ, ಹಿಂದಿನಿಂದ ಅವಳ ದನಿಯೂ ಸೇರಿಕೊಂಡಿತು. ಒಂದಕ್ಷರ ಕನ್ನಡ ಬಾರದವಳು ಅದೇ ಪಾಲಿ ಮಾತುಗಳನ್ನು ಅಮ್ಮನಿಗಿಂತ ಸ್ಪಷ್ಟವಾಗಿ ಹೇಳುತ್ತಿದ್ದಳು. ಅಮ್ಮ ತಿರುಗಿ ನೋಡಿದಳು. ಮುಂದೆ ಒಂದು ಸಾಲನ್ನೂ ಬಿಡದೆ ಇಬ್ಬರೂ ಕೊನೆತನಕ ಹೇಳಿ ಮುಗಿಸಿದರು.

ಮದ್ದೂರಿನ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿಯಾಗಿ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ತಮ್ಮ ಮತ್ತೆ ಮಸ್ಕತ್ತಿಗೆ ಹೋಗಲಿಲ್ಲ. ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಸೇರಿಕೊಂಡ. ನಾನು ಆಗಲೂ ಈಗಲೂ ಮಳವಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಮಾಡುವವಳು. ಭಾನುವಾರ ಬಂತೆಂದರೆ ಭಾರತೀನಗರದ ಮೇಲೆ ಬಸ್ಸು ಹಿಡಿದು ತವರಿಗೆ ಹೋಗಿಬಿಡುತ್ತಿದ್ದೆ. ಹೋದಾಗಲೆಲ್ಲ ನಾದಿನಿಯ ಕನ್ನಡ ಒಂದಿಷ್ಟು ಬೆಳೆದಿರುತ್ತಿತ್ತು. ಕಲಿಸಿದವಳು ಅಮ್ಮನಾದ್ದರಿಂದ ಅದು ಅಮ್ಮನ ಕನ್ನಡವೇ ಆಗಿತ್ತು: "ಓಯ್ತೀನಿ," "ಬುಡು," "ಅಂಗಂತೀಯಾ." ನನ್ನನ್ನು ಕರೆಯಲು ಮಾತ್ರ ಅವಳು ಏನೂ ಕಲಿಯಬೇಕಾಗಿರಲಿಲ್ಲ. ಅವಳ ಭಾಷೆಯಲ್ಲೂ ಅಕ್ಕನಿಗೆ ಅಕ್ಕ ಅಂತಲೇ ಅನ್ನುತ್ತಾರಂತೆ, ಅಮ್ಮನಿಗೆ ಅಮ್ಮ.

ಮೂರನೆಯ ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು.

ಅವಳು ವಿದೇಶಿಯವಳು ಅನ್ನುವುದು ನಮಗೆ ನೆನಪಾಗುತ್ತಿದ್ದದ್ದು ವರ್ಷಕ್ಕೊಮ್ಮೆ. ಇಲ್ಲಿ ಇರಲು ಕೊಟ್ಟ ಅನುಮತಿಯ ಅವಧಿ ಮುಗಿಯುವ ಹೊತ್ತಿಗೆ ತಮ್ಮ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಂಡ್ಯದ ಪೊಲೀಸ್ ಕಚೇರಿಗೆ ಹೋಗುತ್ತಿದ್ದ. ಅಲ್ಲಿ ವಿದೇಶಿಯರ ವ್ಯವಹಾರ ನೋಡುವವರ ಮುಂದೆ, ಇವಳು ನನ್ನ ಹೆಂಡತಿ, ನನ್ನ ಜೊತೆ ಇದ್ದಾಳೆ ಅಂತ ಅವನು ಸಹಿ ಹಾಕಿಕೊಡಬೇಕು. ಬರುವಾಗ ಮದ್ದೂರಿನಲ್ಲಿ ಬಿಸಿ ವಡೆ ಕಟ್ಟಿಸಿಕೊಂಡು ಬರುತ್ತಿದ್ದರು. ಏಳು ವರ್ಷ ತುಂಬಿದ ಮೇಲೆ ಭಾರತದ ಪ್ರಜೆಯಾಗಲು ಅರ್ಜಿ ಹಾಕಬಹುದು ಅಂತ ತಮ್ಮನಿಗೆ ಯಾರೋ ಹೇಳಿದ್ದರು. ಅವನು ಅದನ್ನೇ ಕಾಯುತ್ತಿದ್ದ. ಏಳು ತುಂಬಿತು, ಅರ್ಜಿಯನ್ನೂ ಹಾಕಿಸಿದ. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬಂದ ದಿನ ನನಗೆ ಫೋನು ಮಾಡಿ, "ಅಕ್ಕ, ಇನ್ಮೇಲೆ ವರ್ಷ ವರ್ಷ ಅಲೆಯೋದು ತಪ್ತದೆ ಕಣೆ" ಅಂದ.

ಆ ಅರ್ಜಿಗೆ ಉತ್ತರ ಬರುವ ಮೊದಲೇ ತಮ್ಮ ತೀರಿಕೊಂಡ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಹಾಗೆಯೇ ಎದೆ ಹಿಡಿದುಕೊಂಡಂತೆ ಆಗಿದೆ. ಜೊತೆಯವರು ಮಂಡ್ಯಕ್ಕೆ ಕರೆದುಕೊಂಡು ಹೊರಟರೂ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ನಲವತ್ತು ಕೂಡ ಆಗಿರಲಿಲ್ಲ ಅವನಿಗೆ. ಆ ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅಮ್ಮ ಒಂದು ಮೂಲೆ ಹಿಡಿದಳು, ನಾದಿನಿ ಇನ್ನೊಂದು ಮೂಲೆ ಹಿಡಿದಳು. ಮಗು ಇಬ್ಬರ ನಡುವೆ ಓಡಾಡುತ್ತಿತ್ತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ವಾಸದ ಅನುಮತಿ ಮುಗಿಯುತ್ತ ಬಂತು. ಈ ಸಲ ನಾದಿನಿಯ ಜೊತೆ ಮಂಡ್ಯಕ್ಕೆ ಹೋದದ್ದು ನಾನು. ಕಚೇರಿಯಲ್ಲಿದ್ದ ಸಿಬ್ಬಂದಿಯೊಬ್ಬರಿಗೆ ಅವಳ ಮುಖದ ಪರಿಚಯವಿತ್ತು. "ಎಲ್ಲಮ್ಮ ಯಜಮಾನ್ರು?" ಅಂತ ಕೇಳಿದರು. ತೀರಿಕೊಂಡರು ಅಂತ ನಾನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೂತರು.

"ಮೇಡಂ, ಇವರಿಗೆ ಇಲ್ಲಿರೋಕೆ ಕೊಟ್ಟಿದ್ದದ್ದು ಅವರ ಹೆಂಡತಿ ಅನ್ನೋ ಕಾರಣಕ್ಕೆ. ಈಗ ಯಾವ ಆಧಾರದ ಮೇಲೆ ಅಂತ ಬರೀಲಿ?"

"ಮಗು ಇದೆಯಲ್ಲ ಸಾರ್. ಅದು ಇಲ್ಲೇ ಹುಟ್ಟಿದ್ದು."

"ಮಗು ನಮ್ಮ ದೇಶದ್ದೇ, ಅದರಲ್ಲಿ ಅನುಮಾನ ಇಲ್ಲ. ನಾನು ಹೇಳ್ತಿರೋದು ತಾಯಿ ವಿಷಯ. ಮೇಲಿನವರನ್ನ ಕೇಳದೆ ನಾನೇನೂ ಮಾಡೋ ಹಾಗಿಲ್ಲ."

ಆ ಮನುಷ್ಯ ಒರಟಾಗಿ ಮಾತಾಡಲಿಲ್ಲ. ಆದರೆ ಕೆಲವು ದಿನಗಳಲ್ಲಿ ನೋಟೀಸು ಮನೆಗೆ ಬಂತು. ಗಂಡ ತೀರಿಕೊಂಡಿರುವುದರಿಂದ ಭಾರತದಲ್ಲಿ ಮುಂದುವರಿಯಲು ಕಾರಣವೇನು ಎಂದು ತಿಳಿಸಿ, ಇಲ್ಲವಾದರೆ ನಿಮ್ಮ ದೇಶಕ್ಕೆ ಮರಳಲು ಸಿದ್ಧತೆ ಮಾಡಿಕೊಳ್ಳಿ ಎಂದು ಅದರಲ್ಲಿತ್ತು. ಓದಿ ಹೇಳಿದ ಮೇಲೆ ಅಮ್ಮ, "ನಿಮ್ ದೇಸ ಅಂದ್ರೆ ಯಾವ್ದು?" ಅಂದಳು. ಪೌರತ್ವ ಹುಟ್ಟಿನಿಂದ ಬರುತ್ತದೆ, ವಂಶದಿಂದ ಬರುತ್ತದೆ, ನೋಂದಣಿಯಿಂದ ಬರುತ್ತದೆ ಅಂತ ಎಷ್ಟು ಬ್ಯಾಚಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದಿದ್ದೇನೋ. ಆ ಪಾಠದಲ್ಲಿ ವಿಧವೆಯರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಭಾನುವಾರ ನಮ್ಮ ಸೋದರಮಾವ ಬಂದರು. ವಿಷಯವೆಲ್ಲ ಕೇಳಿಕೊಂಡು, "ಅದ್ಕ್ಯಾಕೆ ಇಷ್ಟೊಂದ್ ಯೋಚ್ನೆ? ಇಲ್ಲೇ ಉಟ್ಟೋಳು ಅಂತ ಒಂದು ಸರ್ಟಿಪಿಕೇಟ್ ಮಾಡಿಸ್ಬುಡಣ ಬುಡು. ಗೊತ್ತಿರೋನು ಒಬ್ಬ ಅವ್ನೆ" ಅಂದರು. ನಾದಿನಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬ್ಯಾಡ ಮಾವ," ಅಂದಳು. "ನಾನು ಉಟ್ಟಿದ್ದು ನಮ್ಮವ್ವನ ಮನೇಲಿ. ಅದ್ನ ಸುಳ್ಳು ಅನ್ನಕ್ಕೆ ಆಯ್ತದಾ?"

ಮಾವ ಕಾಫಿ ಕುಡಿದು ಎದ್ದು ಹೋದರು. ಆ ಮಾತು ಮತ್ತೆ ನಮ್ಮ ಮನೆಯಲ್ಲಿ ಏಳಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಮಂಡ್ಯದ ಒಬ್ಬ ವಕೀಲೆಯ ಬಗ್ಗೆ ಹೇಳಿದರು. ಕೋರ್ಟಿನ ಹತ್ತಿರದ ಗಲ್ಲಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ ಅವರ ಆಫೀಸು. ಐವತ್ತು ದಾಟಿದ ಹೆಂಗಸು. ಹೊರಗೆ ಬೆಂಚಿನ ಮೇಲೆ ಕೂತಿದ್ದವರೆಲ್ಲ ಜಮೀನಿನ ಪಾಲಿಗೋ ಜೀವನಾಂಶಕ್ಕೋ ಬಂದವರು. ನಮ್ಮ ಸರದಿ ಬಂದಾಗ ನಾನು ಮೊದಲಿನಿಂದ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿದ ಮೇಲೆ ಹೇಳಿದ್ದು ನನಗೆ ಈಗಲೂ ನೆನಪಿದೆ.

"ನೋಡಿ, ನಾನು ಇಲ್ಲಿಯವರೆಗೆ ಇಂಥ ಕೇಸು ಮಾಡಿಲ್ಲ. ಬೆಂಗಳೂರಿನಲ್ಲಿ ಮಾಡೋರಿದ್ದಾರೆ, ಬೇಕಿದ್ದರೆ ಅಲ್ಲಿಗೆ ಕಳಿಸ್ತೀನಿ. ನಾನೇ ಮಾಡಬೇಕು ಅಂದರೆ ಒಂದು ವಾರ ಕೊಡಿ, ಓದಿಕೊಂಡು ಹೇಳ್ತೀನಿ."

ನಾನು ನಾದಿನಿಯ ಮುಖ ನೋಡಿದೆ. ಅವಳು, "ಒಂದ್ ವಾರ ಬುಟ್ಟು ಬತ್ತೀವಿ ಮೇಡಂ" ಅಂದಳು. ವಕೀಲೆ ಮೊದಲ ಸಲ ನಕ್ಕರು. "ಎಲ್ಲಿ ಕಲಿತೆಯಮ್ಮ ಈ ಮಾತು?"

ವಾರ ಬಿಟ್ಟು ಹೋದಾಗ ಅವರ ಮೇಜಿನ ಮೇಲೆ ದಪ್ಪ ಪುಸ್ತಕ ತೆರೆದಿತ್ತು. ಎರಡು ಬೇರೆ ಬೇರೆ ವಿಷಯಗಳಿವೆ, ಕಲೆಸಿಕೊಳ್ಳಬೇಡಿ ಅಂದರು. ಒಂದು, ಈಗ ಇಲ್ಲಿ ವಾಸ ಮಾಡಲು ಅನುಮತಿ. ಅದನ್ನು ಭಾರತದ ಪ್ರಜೆಯಾಗಿರುವ ಪುಟ್ಟ ಮಗುವಿನ ತಾಯಿ ಅನ್ನುವ ಆಧಾರದ ಮೇಲೆ ಕೇಳೋಣ. ಇನ್ನೊಂದು, ತಮ್ಮ ಹಾಕಿಸಿದ್ದ ಪೌರತ್ವದ ಅರ್ಜಿ. ಭಾರತದ ಪ್ರಜೆಯನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ಬಾಳಿದವರು ಅರ್ಜಿ ಕೊಡಬಹುದು ಅಂತ ಕಾನೂನು ಹೇಳುತ್ತದೆ.

"ಗಂಡ ಸತ್ತುಹೋದನಲ್ಲ, ಮದುವೆ ಎಲ್ಲಿ ಉಳಿಯಿತು ಅಂತ ಸರ್ಕಾರದವರು ಕೇಳಬಹುದು. ನನ್ನ ವಾದ ಇಷ್ಟೇ. ಅರ್ಜಿ ಕೊಟ್ಟ ದಿನ ಇವಳು ಹೆಂಡತಿ. ಏಳು ವರ್ಷ ಅಷ್ಟರಲ್ಲೇ ತುಂಬಿತ್ತು. ಆಮೇಲೆ ಸಾವು ಬಂದರೆ ಅದು ಇವಳ ತಪ್ಪಲ್ಲ. ಅವರು ಒಪ್ತಾರಾ ಇಲ್ಲವಾ, ಅದನ್ನ ನಾನು ಹೇಳೋಕಾಗಲ್ಲ. ಸುಳ್ಳು ಭರವಸೆ ಕೊಡೋದು ನನಗೆ ಬರಲ್ಲ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾದಿನಿ ಕೇಳಿದಳು: "ಅಕ್ಕ, ಅವ್ರು ಸತ್ತೋದ್ರೂ ನಾನು ಅವ್ರ ಎಂಡ್ತಿ ಅಲ್ವಾ?" ಪಕ್ಕದಲ್ಲಿದ್ದ ಹೆಂಗಸು ತಿರುಗಿ ನೋಡಿದಳು. ನಾನು ಅವಳ ಕೈ ಹಿಡಿದುಕೊಂಡೆ.

ವಕೀಲೆ ಎರಡೂ ವಿಷಯಕ್ಕೆ ಬೇರೆ ಬೇರೆ ಮನವಿ ಬರೆದರು. ಒಂದು ದಿನ ವಿಚಾರಣೆಗೆ ಅಂತ ಪೊಲೀಸಿನವರೊಬ್ಬರು, ಕಂದಾಯ ಇಲಾಖೆಯವರೊಬ್ಬರು ಮನೆಗೆ ಬಂದರು. ಜಗಲಿಯ ಮೇಲೆ ಕುರ್ಚಿ ಹಾಕಿದೆವು. ಅಕ್ಕಪಕ್ಕದವರನ್ನೂ ವಿಚಾರಿಸಿದರು. ಕೇರಿಯ ಹೆಂಗಸರು, ಇವಳು ಯಾರ ಹೆರಿಗೆಗೆ ಜೊತೆಯಾಗಿ ಆಸ್ಪತ್ರೆಗೆ ಹೋಗಿದ್ದಳು, ಯಾರ ಮದುವೆಗೆ ಅಡಿಗೆಗೆ ನಿಂತಿದ್ದಳು ಅಂತ ಕೇಳದೆಯೇ ಹೇಳತೊಡಗಿದರು. ಕೊನೆಗೆ ಕಂದಾಯದವರು ಅಮ್ಮನ ಕಡೆ ತಿರುಗಿದರು.

"ಅಜ್ಜಿ, ಮಗ ಹೋದ ಮೇಲೂ ಇವರು ಇಲ್ಲೇ ಇರ್ತಾರೆ ಅಂತ ಏನು ಖಾತ್ರಿ?"

ಅಮ್ಮ ನೆಲದ ಮೇಲೆ ಕೂತಿದ್ದಳು. ತಲೆಯೆತ್ತಿ ಅವರನ್ನು ನೋಡಿದಳು.

"ನಮ್ಮಪ್ಪ, ನಮ್ ತಾತ ಇದೇ ಮಣ್ಣಲ್ಲಿ ಉಟ್ಟಿ ಇದೇ ಮಣ್ಣಿಗೆ ಓದ್ರು ಕಣಪ್ಪ. ಆದ್ರೂವೆ ಊರ್ನೋರು ನಮ್ನ ನಮ್ಮೋರು ಅನ್ನಕ್ಕೆ ಶಾನೆ ಕಾಲ ಇಡೀತು. ಇವ್ಳು ಬಂದ್ ಮಾರ್ನೆ ದಿನ್ವೇ ನನ್ನ ಅಮ್ಮ ಅಂದ್ಲು. ನಾನೂ ಮಗ ಅಂದೆ. ಇನ್ನೇನ್ ಖಾತ್ರಿ ಕೊಡ್ಲಿ? ಬರ್ಕೋ, ಇವ್ಳು ನನ್ ಮಗ್ಳು."

ಆ ಅಧಿಕಾರಿ ಬರೆದುಕೊಂಡರೋ ಇಲ್ಲವೋ ನನಗೆ ಕಾಣಲಿಲ್ಲ. ಹೊರಡುವಾಗ ಅಮ್ಮನಿಗೆ ಕೈಮುಗಿದು ಹೋದರು.

ಇದೆಲ್ಲ ನಡೆಯುತ್ತಿರುವಾಗಲೇ ಲಂಕೆಯಲ್ಲಿ ಅವಳ ತಾಯಿ ಕಾಯಿಲೆ ಬಿದ್ದರು. ಅಲ್ಲಿಂದ ಅವಳ ಅಣ್ಣ ದಿನಾ ವೀಡಿಯೊ ಕಾಲ್ ಮಾಡುತ್ತಿದ್ದ. ಮೊದಲು ಆ ತಾಯಿ ಮಾತಾಡುತ್ತಿದ್ದರು, ಆಮೇಲೆ ಬರೀ ನೋಡುತ್ತಿದ್ದರು. ನಾವು ಮತ್ತೆ ವಕೀಲೆಯ ಹತ್ತಿರ ಓಡಿದೆವು. ಹೋಗಿ ನೋಡಿಕೊಂಡು ಬರಲಿಕ್ಕೆ ಆಗುತ್ತದೆಯೇ ಅಂತ ಕೇಳಿದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋಗೋಕೆ ಯಾರೂ ತಡೆಯಲ್ಲಮ್ಮ. ವಾಪಸ್ ಬರೋದೇ ಕಷ್ಟ. ನಿನ್ನ ವಾಸದ ಅನುಮತಿ ಇನ್ನೂ ತೀರ್ಮಾನ ಆಗಿಲ್ಲ. ಈಗ ಗಡಿ ದಾಟಿದರೆ ಮತ್ತೆ ಯಾವ ವೀಸಾದ ಮೇಲೆ ಒಳಗೆ ಬಿಡ್ತಾರೆ, ಯಾವಾಗ ಬಿಡ್ತಾರೆ, ನನಗೆ ಗೊತ್ತಿಲ್ಲ. ಮಗಳನ್ನ ಕರಕೊಂಡು ಹೋಗಿ ಅಲ್ಲೇ ಇದ್ದುಬಿಡ್ತೀನಿ ಅಂದರೆ ಅದೂ ಒಂದು ದಾರಿ. ಅದನ್ನ ನಾನು ಹೇಳಬಾರದು, ನೀನೇ ಹೇಳಬೇಕು."

ಮನೆಗೆ ಬಂದ ಮೇಲೆ ಅಮ್ಮ, "ಓಗ್ಬುಡು ಮಗ. ಎತ್ತವ್ವ ಕಣ್ಮುಂದೆ ಓಯ್ತಾ ಅವ್ಳೆ. ನನ್ನ ನೋಡ್ಬ್ಯಾಡ, ಮಗಿನೂ ಕರ್ಕಂಡು ಓಗು" ಅಂದಳು. ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾದಿನಿ ಆ ಬಾಗಿಲ ಮುಂದೆ ಕೂತಳು. ನಾನು ಎಷ್ಟು ಕರೆದರೂ ಏಳಲಿಲ್ಲ. ಅಮ್ಮ ಬಾಗಿಲು ತೆಗೆದಾಗ, "ನಾನು ಓಗಲ್ಲಮ್ಮ" ಅಂದಳು, ಅಷ್ಟೇ.

ಮುಂದಿನ ವಾರ ಅವಳ ತಾಯಿ ತೀರಿಕೊಂಡರು. ಅಣ್ಣ ಫೋನು ಹಿಡಿದು ಎಲ್ಲವನ್ನೂ ತೋರಿಸಿದ. ಬಿಳಿ ಬಟ್ಟೆಯ ಜನ, ತೆಂಗಿನ ಮರಗಳ ನಡುವಿನ ಮನೆ, ಅಂಗಳದಲ್ಲಿ ತಾಯಿಯನ್ನು ಮಲಗಿಸಿದ್ದ ತೆರೆದ ಪೆಟ್ಟಿಗೆ. ನಮ್ಮ ಜಗಲಿಯಲ್ಲಿ ಕೂತು ಅವಳು ಸದ್ದಿಲ್ಲದೆ ನೋಡುತ್ತಿದ್ದಳು. ಪೆಟ್ಟಿಗೆಯನ್ನು ಎತ್ತಿದಾಗ ಮಾತ್ರ ಫೋನನ್ನು ಹಣೆಗೆ ಒತ್ತಿಕೊಂಡು ಬಗ್ಗಿಬಿಟ್ಟಳು. ತನ್ನ ಭಾಷೆಯಲ್ಲಿ ಏನೋ ಹೇಳಿ ಅತ್ತಳು. ಅವಳು ಆ ಭಾಷೆಯಲ್ಲಿ ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಮ್ಮ ಹೋದಾಗಲೂ ಅವಳು ಅಮ್ಮನ ಮಾತಿನಲ್ಲೇ ಅತ್ತಿದ್ದಳು.

ಅವರಲ್ಲಿ ಏಳನೆಯ ದಿನ ಸತ್ತವರ ಹೆಸರಿನಲ್ಲಿ ಭಿಕ್ಕುಗಳಿಗೆ ಊಟ ಬಡಿಸಿ ಪುಣ್ಯವನ್ನು ಧಾರೆಯೆರೆಯುತ್ತಾರಂತೆ. ನಮ್ಮೂರಿಗೆ ಭಿಕ್ಕುಗಳನ್ನು ಎಲ್ಲಿಂದ ತರುವುದು? "ಇರೋರ್ಗೆ ಇಕ್ಕವ" ಅಂದಳು ಅಮ್ಮ. ಕೇರಿಯ ವಯಸ್ಸಾದವರನ್ನು ಕರೆದು ಕೂರಿಸಿದೆವು. ಅವಳು ತೆಂಗಿನಹಾಲು ಹಾಕಿ ಅನ್ನ ಮಾಡಿದಳು, ಅಮ್ಮ ಬೇಳೆ ಸಾರು ಮಾಡಿದಳು. ಊಟವಾದ ಮೇಲೆ ಒಂದು ತಟ್ಟೆಯೊಳಗೆ ಬಟ್ಟಲಿಟ್ಟು, ತಂಬಿಗೆಯಿಂದ ಆ ಬಟ್ಟಲಿಗೆ ನೀರು ಬಿಡಬೇಕು, ಅದು ತುಂಬಿ ಹೊರಕ್ಕೆ ಹರಿಯಬೇಕು, ಮನೆಯವರೆಲ್ಲ ತಂಬಿಗೆ ಮುಟ್ಟಿರಬೇಕು ಅಂತ ಅವಳು ಹೇಳಿಕೊಟ್ಟಳು. ಅವಳು, ಅವಳ ಮಗಳು, ಅಮ್ಮ, ನಾನು ಒಟ್ಟಿಗೆ ತಂಬಿಗೆ ಹಿಡಿದೆವು. ಬಟ್ಟಲು ತುಂಬಿ ನೀರು ತಟ್ಟೆಗೆ ಇಳಿಯಿತು. ಮುಖಾಮುಖಿ ಕಂಡಿರದ ಒಬ್ಬ ಹೆಂಗಸಿಗೆ ಅಮ್ಮ, "ನಿನ್ ಮಗ್ಳುನ್ನ ನಾನು ನೋಡ್ಕತೀನಿ, ನೀನು ನಿರಾಳ್ವಾಗಿ ಓಗವ್ವ" ಅಂದಳು.

ವಾಸದ ಅನುಮತಿ ಸಿಕ್ಕಿದ್ದು ಆಮೇಲೆ. ಮಗುವಿನ ತಾಯಿ ಅನ್ನುವ ಆಧಾರವನ್ನು ಅವರು ಒಪ್ಪಿದ್ದರು. ಮೊದಲೇ ಬಂದಿದ್ದರೆ ಅಂತ ನಾನು ವಕೀಲೆಯ ಮುಂದೆ ಅಂದುಬಿಟ್ಟೆ. ಅವರು ತಲೆ ತಗ್ಗಿಸಿ, "ನಾನೂ ಅದನ್ನೇ ಯೋಚಿಸ್ತಿದ್ದೆ" ಅಂದರು.

ಪೌರತ್ವದ ಅರ್ಜಿ ಇನ್ನೂ ಎಷ್ಟೋ ಕಾಲ ಹಾಗೇ ಕೂತಿತ್ತು. ವಕೀಲೆ ಕಾಗದದ ಮೇಲೆ ಕಾಗದ ಬರೆಯುತ್ತಿದ್ದರು. ದಿಲ್ಲಿಯಿಂದ ಬಂದ ಒಂದು ಪ್ರಶ್ನೆಗೆ ಉತ್ತರವಾಗಿ, ಅರ್ಜಿ ಕೊಟ್ಟ ದಿನ ಮದುವೆ ಊರ್ಜಿತವಾಗಿತ್ತು ಅನ್ನುವ ಅದೇ ವಾದವನ್ನು ಮತ್ತೊಮ್ಮೆ ವಿವರವಾಗಿ ಬರೆದು ಕಳಿಸಿದರು. ಕೊನೆಗೊಂದು ದಿನ ಒಪ್ಪಿಗೆಯ ಪತ್ರ ಬಂತು. ಆದರೆ ಅದರಲ್ಲಿ ಒಂದು ಷರತ್ತಿತ್ತು. ಮೊದಲು ತನ್ನ ದೇಶದ ಪೌರತ್ವವನ್ನು ಬಿಟ್ಟುಕೊಟ್ಟು, ಅದಕ್ಕೆ ದಾಖಲೆ ತಂದು ಒಪ್ಪಿಸಬೇಕು. ಇಲ್ಲಿಯದು ಅದರ ನಂತರ.

"ಅಂದ್ರೆ ಮಧ್ಯದಲ್ಲಿ?" ಅಂತ ಕೇಳಿದೆ.

"ಮಧ್ಯದಲ್ಲಿ ಸ್ವಲ್ಪ ದಿನ ಎರಡೂ ಇರಲ್ಲ," ಅಂದರು ವಕೀಲೆ. "ಹೆದರಬೇಡಿ. ಒಪ್ಪಿಗೆ ಪತ್ರ ಕೈಯಲ್ಲಿದೆ."

ಚೆನ್ನೈಯಲ್ಲಿರುವ ಲಂಕೆಯ ರಾಯಭಾರ ಕಚೇರಿಗೆ ಅವಳ ಜೊತೆ ನಾನೇ ಹೋದೆ. ಅಲ್ಲಿ ಅವಳು ತನ್ನ ಭಾಷೆಯಲ್ಲಿ ಮಾತಾಡಿದಳು. ಕಿಟಕಿಯ ಆಚೆ ಕೂತಿದ್ದ ಹೆಂಗಸು ಏನೋ ಕೇಳಿದಳು, ಇವಳು ತಲೆಯಾಡಿಸಿದಳು. ಮತ್ತೆ ಕೇಳಿದಳು, ಮತ್ತೆ ತಲೆಯಾಡಿಸಿದಳು. ಯೋಚಿಸಿ ನೋಡಿದ್ದೀಯಾ ಅಂತ ಎರಡು ಸಲ ಕೇಳಿದರು ಅಂತ ಆಮೇಲೆ ಹೇಳಿದಳು. ಅವಳ ಪಾಸ್‌ಪೋರ್ಟನ್ನು ಅಲ್ಲೇ ಇರಿಸಿಕೊಂಡು, ಪೌರತ್ವ ಬಿಟ್ಟುಕೊಟ್ಟದ್ದಕ್ಕೆ ದಾಖಲೆ ಕೊಟ್ಟರು. ರೈಲಿನಲ್ಲಿ ಬರುವಾಗ ಅವಳು ಊಟ ಮಾಡಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಾ, "ಈಗ ನಾನು ಯಾವ ದೇಸದೋಳೂ ಅಲ್ಲ ಕಣಕ್ಕ" ಅಂದಳು.

ಮನೆಯಲ್ಲಿ ಈ ಮಾತು ಬಂದಾಗ ಅಮ್ಮನಿಗೆ ಸಿಟ್ಟು ಬಂತು. "ಕೊಪ್ಪಕ್ಕೆ ಓಗಿ ತರ್ಕಾರಿ ತರಕ್ಕೆ ಯಾವ ದೇಸ ಬೇಕು? ಏಳು, ಚೀಲ ತಗೋ" ಅಂತ ಎಬ್ಬಿಸಿಕೊಂಡು ಹೋದಳು. ಆ ದಿನಗಳಲ್ಲಿ ನಾದಿನಿ ಊರು ಬಿಟ್ಟು ಎಲ್ಲೂ ಒಬ್ಬಳೇ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪೊಲೀಸಿನವರು ಹತ್ತಿದರೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಮಂಡ್ಯದ ಜಿಲ್ಲಾಧಿಕಾರಿ ಕಚೇರಿಯಿಂದ ಕರೆ ಬಂದ ದಿನ ನಾವೆಲ್ಲ ಹೋದೆವು, ಅಮ್ಮನೂ ಬಂದಳು. ವಕೀಲೆ ಕೋರ್ಟಿನಿಂದ ಕರಿ ಕೋಟಿನಲ್ಲೇ ಓಡಿ ಬಂದರು. ಅದೊಂದು ಸಣ್ಣ ಕೊಠಡಿ. ಹೂವು ಹಾರ ಏನೂ ಇರಲಿಲ್ಲ. ಸಂವಿಧಾನಕ್ಕೆ ನಿಷ್ಠಳಾಗಿರುತ್ತೇನೆ ಅನ್ನುವ ಪ್ರಮಾಣವಚನವನ್ನು ಅವಳು ಎದ್ದು ನಿಂತು ಓದಿದಳು. ಮಗಳ ಪುಸ್ತಕ ಇಟ್ಟುಕೊಂಡು ಕನ್ನಡ ಓದಲು ಕಲಿತಿದ್ದಳು. ಒತ್ತಕ್ಷರ ಬಂದಲ್ಲಿ ತಡೆದು, ಮತ್ತೆ ಹಿಂದಿನಿಂದ ಓದಿದಳು. ಓದಿ ಮುಗಿದ ಮೇಲೆ ಅಧಿಕಾರಿ ಪ್ರಮಾಣಪತ್ರ ಕೊಟ್ಟು, "ಒಳ್ಳೆಯದಾಗಲಿ" ಅಂದರು. ಹೊರಗೆ ಬಂದು ಮರದ ಕೆಳಗೆ ನಿಂತೆವು. ಅವಳು ವಕೀಲೆಯ ಕಾಲು ಮುಟ್ಟಲು ಬಗ್ಗಿದಳು. ಅವರು ತಡೆದು, ತಬ್ಬಿಕೊಂಡು, ಅವಳ ಬೆನ್ನು ಸವರಿದರು. ಇನ್ನೊಂದು ಕೇಸಿನ ಕರೆ ಬಂತು ಅಂತ ಅಲ್ಲಿಂದಲೇ ಹೊರಟುಹೋದರು.

ಸಂತೋಷ ಪಡಬೇಕಾದ ದಿನ. ಆದರೂ ಅವಳು ದಾರಿಯುದ್ದಕ್ಕೂ ಅಳುತ್ತಿದ್ದಳು.

ಹೊಸ ಪಾಸ್‌ಪೋರ್ಟು ಬಂದ ಮೇಲೆ, ಬೇಸಿಗೆ ರಜೆಯಲ್ಲಿ ನಾನು, ಅವಳು, ಮಗು ಮೂವರೂ ಲಂಕೆಗೆ ಹೋದೆವು. ಕೊಲಂಬೊ ವಿಮಾನ ನಿಲ್ದಾಣದಲ್ಲಿ ಆ ದೇಶದವರ ಸಾಲು ಬೇರೆ, ಹೊರಗಿನವರ ಸಾಲು ಬೇರೆ. ಅವಳು ಅಭ್ಯಾಸಬಲದಿಂದ ತನ್ನವರ ಸಾಲಿನ ಕಡೆ ಹೆಜ್ಜೆ ಹಾಕಿ, ನಡುವೆ ನಿಂತು, ಬಂದು ನಮ್ಮ ಹಿಂದೆ ನಿಂತುಕೊಂಡಳು. ಕೌಂಟರಿನ ಅಧಿಕಾರಿ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ನೋಡಿ ಸಿಂಹಳದಲ್ಲಿ ಏನೋ ಕೇಳಿದ. ಅವಳು ಉತ್ತರ ಕೊಟ್ಟಳು. ಅವನು ಅವಳನ್ನೂ ಮಗುವನ್ನೂ ಒಂದು ಗಳಿಗೆ ನೋಡಿ ಮುದ್ರೆ ಒತ್ತಿದ.

ಸಂಜೆಯ ಹೊತ್ತಿಗೆ ಅವಳ ಊರು ಮುಟ್ಟಿದೆವು. ಸಮುದ್ರ ಹತ್ತಿರದಲ್ಲೇ ಇತ್ತು, ಕಾಣುತ್ತಿರಲಿಲ್ಲ, ಸದ್ದು ಕೇಳುತ್ತಿತ್ತು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ತಬ್ಬಿಕೊಂಡು ನಿಂತರು. ಆಮೇಲೆ ಅವನು ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ ತಾಯಿ ಮಲಗುತ್ತಿದ್ದ ಮಂಚ ತೋರಿಸಿದ. ಮಂಚದ ಮೇಲೆ ತೊಳೆದ ಬಿಳಿ ಬಟ್ಟೆ ಹಾಸಿದ್ದರು. ಅವಳು ಹತ್ತಿರ ಹೋಗಲಿಲ್ಲ, ಬಾಗಿಲ ಹತ್ತಿರವೇ ನೆಲದ ಮೇಲೆ ಕೂತಳು. ಮಗು ಮಂಚದ ಹತ್ತಿರ ಹೋಗಿ ಬಟ್ಟೆಯ ಮೇಲೆ ಕೈಯಾಡಿಸಿ, "ಅಜ್ಜಿ ಇಲ್ಲೇ ಮಲ್ಗ್ತಿತ್ತಾ?" ಅಂತ ಕನ್ನಡದಲ್ಲಿ ಕೇಳಿತು. ಅಣ್ಣ ತಂಗಿಯ ಮುಖ ನೋಡಿದ. ಅವಳು ಅವನಿಗೆ ಅರ್ಥ ಹೇಳಿದಳು. ಅವನು ಮಗುವನ್ನು ಎತ್ತಿ ಆ ಮಂಚದ ಮೇಲೆ ಕೂರಿಸಿದ.